ಜಪಾನಿನಲ್ಲಿ ಬರೆದ ರಾಮಾಯಣ: ಯಾವ ಪ್ರತಿ ನೋಡಬೇಕು, ಎಲ್ಲಿ ಕಣ್ಣಿಡಬೇಕು

‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಎಂಬ ಅನಿಮೇಷನ್ ಸಿನಿಮಾ ನೋಡಲು ಕೂರುವ ಮುಂಚೆ ಒಟ್ಟು ಅವಧಿ ಎಷ್ಟಿದೆ ಅಂತ ಒಮ್ಮೆ ನೋಡಿಕೊಳ್ಳಿ. 135 ನಿಮಿಷದ ಆಸುಪಾಸು ಇದ್ದರೆ ಪೂರ್ತಿ ಸಿನಿಮಾ ಸಿಕ್ಕಿದೆ ಎಂದರ್ಥ. 96 ನಿಮಿಷದ ಹತ್ತಿರ ಇದ್ದರೆ ಅದು ಅಮೆರಿಕದ ಪ್ರೇಕ್ಷಕರಿಗೆಂದು ‘ದಿ ಪ್ರಿನ್ಸ್ ಆಫ್ ಲೈಟ್’ ಹೆಸರಿನಲ್ಲಿ ಕತ್ತರಿಸಿ ಕೊಟ್ಟ ಪ್ರತಿ. ಅದನ್ನು ಬಿಟ್ಟು ಬೇರೆ ಹುಡುಕಿ. 130 ನಿಮಿಷಕ್ಕೆ ಮುಗಿಯುವ ಪ್ರತಿ ಕೈಗೆ ಬಂದರೆ ಮಾತ್ರ ಗಾಬರಿ ಬೇಡ. ಫಿಲ್ಮು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ, ನಮ್ಮ ಹಳೆಯ ಟಿವಿಗಳ ಪಾಲ್ ಪದ್ಧತಿಯಲ್ಲಿ 25. ಹಾಗೆ ಇಳಿಸಿಕೊಂಡ ಪ್ರತಿ ಐದು ನಿಮಿಷ ಬೇಗ ಮುಗಿಯುತ್ತದೆ, ದನಿ ಕೊಂಚ ಕೀರಲಾಗಿ ಕೇಳುತ್ತದೆ, ಅಷ್ಟೇ. ದೃಶ್ಯ ಯಾವುದೂ ಹೋಗಿರುವುದಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವಷ್ಟು ಚೆನ್ನಾಗಿದೆಯಾ ಅಂದರೆ, ಇದೆ. ರಾಮಾಯಣದ ಮೇಲೆ ಬಂದಿರುವ ಅನಿಮೇಷನ್‌ಗಳಲ್ಲಿ ಕೈಕೆಲಸದ ಮಟ್ಟಿಗೆ ಇದನ್ನು ಮೀರಿಸಿದ್ದು ಇನ್ನೂ ಇಲ್ಲ. ಹಾಗಂತ ಎಲ್ಲ ಕಾಂಡಕ್ಕೂ ಸಮನಾದ ನ್ಯಾಯ ಸಿಕ್ಕಿದೆ ಅಂತಲ್ಲ. ಚಿತ್ರಗಳನ್ನು ಎಲ್ಲಿ ಧಾರಾಳವಾಗಿ ಸುರಿದಿದ್ದಾರೆ, ಎಲ್ಲಿ ಕೈ ಬಿಗಿ ಹಿಡಿದಿದ್ದಾರೆ ಅನ್ನುವುದನ್ನು ಗುರುತಿಸುತ್ತ ಹೋದರೆ ಈ ಸಿನಿಮಾದ ಗುಣವೂ ದೋಷವೂ ಒಟ್ಟಿಗೇ ಬಯಲಾಗುತ್ತವೆ.

ಹುಟ್ಟಿದ ಕಥೆ ಚಿಕ್ಕದಾಗಿ. ಜಪಾನಿನ ಯುಗೋ ಸಾಕೋ 1983ರಲ್ಲಿ ಭಾರತಕ್ಕೆ ಬಂದದ್ದು ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅವರು ರಾಮಾಯಣದ ತಾಣಗಳಲ್ಲಿ ನಡೆಸುತ್ತಿದ್ದ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲಿಕ್ಕೆ. ಪರದೇಶದವರು ರಾಮಾಯಣವನ್ನೇ ಸಿನಿಮಾ ಮಾಡುತ್ತಿದ್ದಾರೆ ಎಂದು ತಪ್ಪು ತಿಳಿದ ವಿಶ್ವ ಹಿಂದೂ ಪರಿಷತ್ತು ಜಪಾನಿನ ರಾಯಭಾರ ಕಚೇರಿಗೆ ಆಕ್ಷೇಪಣೆಯ ಪತ್ರ ಬರೆಯಿತು. ಆ ಗೊಂದಲ ಬಗೆಹರಿಯುವ ಹೊತ್ತಿಗೆ ಸಾಕೋಗೆ ನಿಜವಾಗಿಯೂ ಸಿನಿಮಾ ಮಾಡುವ ಮನಸ್ಸಾಗಿತ್ತು. ಎರಡು ದೇಶ ಸೇರಿ ಮಾಡೋಣ ಎಂದು ಅವರು ಕೇಳಿದರೆ, ರಾಮಾಯಣವನ್ನು ಕಾರ್ಟೂನ್ ಮಾಡುವುದು ಸೂಕ್ಷ್ಮ ವಿಷಯ ಎಂದು ನಮ್ಮ ಸರ್ಕಾರ ಹಿಂದೆ ಸರಿಯಿತು. ಕೊನೆಗೆ ಕೆಲಸ ಜಪಾನಿನಲ್ಲೇ ನಡೆಯಿತು. 1990ರಲ್ಲಿ ಶುರು, ಸುಮಾರು 450 ಕಲಾವಿದರು. ನಿರ್ದೇಶಕರ ಪಟ್ಟಿಯಲ್ಲಿ ಸಾಕೋ ಮತ್ತು ಕೋಯಿಚಿ ಸಸಾಕಿ ಜೊತೆಗೆ ನಮ್ಮ ರಾಮ್ ಮೋಹನ್ ಅವರ ಹೆಸರಿದೆ. ಮುಂಬೈನ ಫಿಲ್ಮ್ಸ್ ಡಿವಿಜನ್ ಕಾರ್ಟೂನ್ ವಿಭಾಗದಲ್ಲಿ ಪಳಗಿದ, ಭಾರತೀಯ ಅನಿಮೇಷನ್‌ನ ಪಿತಾಮಹ ಎಂದು ಕರೆಸಿಕೊಂಡವರು ಅವರು. 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಸಿನಿಮಾ ತೋರಿಸಿದಾಗ ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಕೆಡವಿದ ಘಟನೆ ನಡೆದು ಒಂದೂವರೆ ತಿಂಗಳೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ದೊಡ್ಡ ಬಿಡುಗಡೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಹೆಚ್ಚಿನವರಿಗೆ ಇದು ತಲುಪಿದ್ದು ಟಿವಿಯ ಕಾರ್ಟೂನ್ ಚಾನೆಲ್‌ಗಳಲ್ಲಿ. 4ಕೆ ಗುಣಮಟ್ಟಕ್ಕೆ ಏರಿಸಿದ ಪ್ರತಿ 2025ರ ಜನವರಿ 24ರಂದು ದೇಶಾದ್ಯಂತ ಚಿತ್ರಮಂದಿರಗಳಿಗೆ ಬಂತು.

ಈಗ ಕೈಕೆಲಸಕ್ಕೆ ಬರೋಣ. ಇದು ಕಂಪ್ಯೂಟರ್‌ಗೆ ಮುಂಚಿನ ಸೆಲ್ ಅನಿಮೇಷನ್. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ರೇಖೆಯನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಇಳಿಸುತ್ತಾರೆ, ಹಾಳೆಯ ಹಿಂಬದಿಯಿಂದ ಬಣ್ಣ ತುಂಬುತ್ತಾರೆ, ಬೇರೆಯಾಗಿ ಬರೆದಿಟ್ಟ ಹಿನ್ನೆಲೆ ಚಿತ್ರದ ಮೇಲೆ ಆ ಹಾಳೆಯನ್ನಿಟ್ಟು ಒಂದೊಂದೇ ಫ್ರೇಮ್ ಫೋಟೋ ತೆಗೆಯುತ್ತಾರೆ. 135 ನಿಮಿಷಕ್ಕೆ, ಸೆಕೆಂಡಿಗೆ 24ರಂತೆ, 1,94,400 ಫ್ರೇಮ್ ಬೇಕು. ಈ ಸಿನಿಮಾಕ್ಕೆ ಬಳಸಿದ ಸೆಲ್‌ಗಳು ಸುಮಾರು ಒಂದು ಲಕ್ಷ. ಅದರಲ್ಲೂ ಒಂದು ಫ್ರೇಮ್‌ನಲ್ಲಿ ಎರಡು ಮೂರು ಸೆಲ್‌ಗಳು ಒಂದರ ಮೇಲೊಂದು ಕೂತಿರುವುದುಂಟು: ದೇಹ ಒಂದರಲ್ಲಿ, ಬಾಯಿ ಒಂದರಲ್ಲಿ, ಹಾರುವ ಉತ್ತರೀಯ ಇನ್ನೊಂದರಲ್ಲಿ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಒಂದೇ ಚಿತ್ರ ಎರಡು, ಮೂರು, ಕೆಲವೊಮ್ಮೆ ಹತ್ತಿಪ್ಪತ್ತು ಫ್ರೇಮ್ ಹಾಗೇ ನಿಂತಿರಲೇಬೇಕು. ಇದರಲ್ಲಿ ಮೋಸವೇನಿಲ್ಲ, ಜಪಾನಿನವರು ರೂಢಿಸಿಕೊಂಡ ಜಾಣ್ಮೆ ಅದು. ಆಸ್ಥಾನದಲ್ಲಿ ಮಾತುಕತೆ ನಡೆಯುವಾಗ ಮುಖ ಕದಲುವುದಿಲ್ಲ, ಬಾಯಿಯೊಂದೇ ಆಡುತ್ತದೆ. ಅಲ್ಲಿ ಉಳಿಸಿದ ಚಿತ್ರಗಳನ್ನು ಲಂಕೆಯ ರಣರಂಗದಲ್ಲಿ ಕೈತುಂಬ ಖರ್ಚು ಮಾಡಿದ್ದಾರೆ.

ಖರ್ಚು ಎಷ್ಟು ಸಾರ್ಥಕವಾಗಿದೆ ಅಂತ ತಿಳಿಯಬೇಕಾದರೆ ಕುಂಭಕರ್ಣನ ಯುದ್ಧ ನೋಡಬೇಕು. ಅನಿಮೇಷನ್‌ನಲ್ಲಿ ದೈತ್ಯನನ್ನು ದೊಡ್ಡದಾಗಿ ಬರೆದುಬಿಟ್ಟರೆ ಅವನು ದೈತ್ಯನಾಗುವುದಿಲ್ಲ. ಅವನ ಚಲನೆಗೆ ತೆಗೆದುಕೊಳ್ಳುವ ಕಾಲವೂ ಹಿಗ್ಗಬೇಕು. ಆಳೆತ್ತರದಿಂದ, ಅಂದರೆ 1.7 ಮೀಟರ್ ಮೇಲಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು 14 ಫ್ರೇಮ್ ಸಾಕು. 30 ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ 60 ಫ್ರೇಮ್ ಹತ್ತಿರ ಬೇಕು. ಈ ಲೆಕ್ಕ ತಪ್ಪಿದಲ್ಲೆಲ್ಲ ರಾಕ್ಷಸ ರಬ್ಬರ್ ಗೊಂಬೆಯಾಗುತ್ತಾನೆ. ನಮ್ಮಲ್ಲಿ ಬಂದಿರುವ ಎಷ್ಟೋ ಕಂಪ್ಯೂಟರ್ ಅನಿಮೇಷನ್ ಪೌರಾಣಿಕಗಳಲ್ಲಿ ಆಗಿರುವುದು ಇದೇ. ಇಲ್ಲಿನ ಕುಂಭಕರ್ಣ ಹೆಜ್ಜೆ ಎತ್ತುವುದಕ್ಕೂ ಇಡುವುದಕ್ಕೂ ನಡುವೆ ಕಾಯಿಸುತ್ತಾನೆ. ಕಾಲು ನೆಲ ಮುಟ್ಟಿದ ಮೇಲೆ ಧೂಳು ಏಳುವುದು ಒಂದು ಕ್ಷಣ ತಡವಾಗಿ. ಸುತ್ತಲಿನ ಕಪಿಗಳು ಮಾತ್ರ ಚುರುಕಾದ ಲಯದಲ್ಲೇ ಓಡಾಡುತ್ತವೆ. ಒಂದೇ ಫ್ರೇಮ್‌ನಲ್ಲಿ ಎರಡು ಬೇರೆ ಬೇರೆ ಕಾಲಮಾನ. ವಾಲ್ಮೀಕಿ ಪರ್ವತಕ್ಕೆ ಹೋಲಿಸಿದ ದೇಹದ ಭಾರ ಕಣ್ಣಿಗೆ ತಟ್ಟುವುದು ಈ ವ್ಯತ್ಯಾಸದಿಂದ.

ಹಿನ್ನೆಲೆಗಳ ಬಗ್ಗೆಯೂ ಹೇಳಲೇಬೇಕು. ಸೆಲ್ ಸಿನಿಮಾದಲ್ಲಿ ಚಲಿಸುವ ವಸ್ತುವಿಗೆ ಚಪ್ಪಟೆ ಬಣ್ಣ, ಚಲಿಸದ ಹಿನ್ನೆಲೆಗೆ ಕುಂಚದ ಪೂರ್ತಿ ಸೊಗಸು. ಹಾಗಾಗಿ ಸ್ವಲ್ಪ ಅಭ್ಯಾಸವಿರುವ ಕಣ್ಣಿಗೆ ಯಾವ ಬಂಡೆ ಈಗ ಉರುಳಲಿದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ: ಸುತ್ತಲಿನ ಬಂಡೆಗಳಲ್ಲಿ ಪಾಚಿ, ಬಿರುಕು, ನೆರಳು ಎಲ್ಲ ಇರುತ್ತದೆ, ಉರುಳುವ ಬಂಡೆ ಮಾತ್ರ ಬೋಳು. ಇಲ್ಲಿಯೂ ಆ ಗುಟ್ಟು ಅಲ್ಲಲ್ಲಿ ಒಡೆಯುತ್ತದೆ, ಸೇತುವೆ ಕಟ್ಟುವ ಭಾಗದಲ್ಲಂತೂ ಸ್ಪಷ್ಟವಾಗಿ. ಆದರೆ ಕಾಡಿನ ದೃಶ್ಯಗಳು ಎಷ್ಟು ಹಿತವಾಗಿವೆಯೆಂದರೆ ಅದನ್ನು ಮನ್ನಿಸಿಬಿಡಬಹುದು. ಎಲೆಗಳ ಸಂದಿಯಿಂದ ಇಳಿಯುವ ಬೆಳಕು, ನದಿಯ ಮೇಲಿನ ಮಂಜು ಇವುಗಳಿಗೆ ಕೊಟ್ಟಿರುವ ಸಮಯ ಈಗಿನ ಪೌರಾಣಿಕ ಸಿನಿಮಾಗಳಲ್ಲಿ ಸಿಗುವುದಿಲ್ಲ. ವನವಾಸ ಎಂದರೆ ಶಿಕ್ಷೆ ಮಾತ್ರವಲ್ಲ, ಒಂದು ಬಗೆಯ ಸುಖವೂ ಹೌದು ಅನ್ನುವುದು ವಾಲ್ಮೀಕಿಯ ಚಿತ್ರಕೂಟ ವರ್ಣನೆ ಓದಿದವರಿಗೆ ಗೊತ್ತು. ಜಪಾನಿನ ಹಿನ್ನೆಲೆ ಕಲಾವಿದರಿಗೆ ಅದು ಹೇಗೋ ದಕ್ಕಿದೆ.

ಸಣ್ಣ ಸಂಗತಿಗಳಲ್ಲಿ ಭಾರತೀಯರ ಕೈ ಕಾಣುತ್ತದೆ. ಪಂಚೆ ಹೇಗೆ ಉಡುತ್ತಾರೆ, ಕಿರಿಯರು ಹಿರಿಯರ ಆಶೀರ್ವಾದ ಹೇಗೆ ಪಡೆಯುತ್ತಾರೆ ಎಂಬುದನ್ನು ಜಪಾನಿನ ಕಲಾವಿದರಿಗೆ ತೋರಿಸಿಕೊಟ್ಟವರು ಇಲ್ಲಿಂದ ಹೋದ ಅನಿಮೇಟರ್‌ಗಳು. ನಮಸ್ಕಾರ ಅನ್ನುವುದು ನಮಗೆ ಮಾಮೂಲಿ, ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಸೊಂಟದಿಂದ ಬಾಗುವ ಜಪಾನಿ ವಂದನೆಯ ಅಭ್ಯಾಸವಿರುವ ಕೈಗೆ, ಪಾದ ಮುಟ್ಟಲು ಬಾಗುವ ದೇಹದ ಬಳುಕು ಬೇರೆ, ತಲೆಯ ಮೇಲೆ ಕೈ ಇಡಲು ಹಿರಿಯರು ಮುಂದಕ್ಕೆ ವಾಲುವ ರೀತಿ ಬೇರೆ. ರಾಮ ಗುರುಹಿರಿಯರಿಗೆ ನಮಿಸುವ ಕಡೆಗಳಲ್ಲಿ ಎಲ್ಲೂ ಕೃತಕ ಅನ್ನಿಸುವುದಿಲ್ಲ. ಪಂಚೆಯ ನೆರಿಗೆಯೂ ಅಷ್ಟೇ, ಬಿಲ್ಲು ಎಳೆಯಲು ಕಾಲು ಹಿಂದಿಟ್ಟಾಗ ಬಟ್ಟೆ ಯಾವ ಕಡೆ ಬಿಗಿಯಬೇಕೋ ಆ ಕಡೆ ಬಿಗಿಯುತ್ತದೆ.

ಮುಖಗಳ ವಿಷಯದಲ್ಲಿ ಇಷ್ಟೊಂದು ಉದಾರವಾಗಿ ಹೇಳಲಾಗದು. ರಾಮ, ಲಕ್ಷ್ಮಣ, ಸೀತೆಯರ ಕಣ್ಣು ಮೂಗುಗಳಲ್ಲಿ ಆ ಕಾಲದ ಜಪಾನಿ ಕಾರ್ಟೂನಿನ ಛಾಯೆ ಇದೆ. ಎಳೆಯ ರಾಮನಿಗೆ ಅದು ಒಪ್ಪುತ್ತದೆ. ವಿಶ್ವಾಮಿತ್ರ ಕೇಳಲು ಬಂದಾಗ ರಾಮನಿಗೆ ಇನ್ನೂ ಹದಿನಾರು ತುಂಬಿಲ್ಲ ಅಂತ ದಶರಥನೇ ಹೇಳುತ್ತಾನಲ್ಲ. ಆದರೆ ಹದಿನಾಲ್ಕು ವರ್ಷದ ವನವಾಸ ಕಳೆದ ಮೇಲೂ ಆ ಮುಖ ಹೆಚ್ಚು ಮಾಗುವುದಿಲ್ಲ. ರಾವಣನ ಮುಖ ಚೆನ್ನಾಗಿ ಬಂದಿದೆ. ಬಹುಪಾಲು ಒಂದೇ ತಲೆಯಲ್ಲಿ, ಗತ್ತಿನ ಅರಸನಾಗಿಯೇ ಕಾಣುತ್ತಾನೆ. ಯಕ್ಷಗಾನದ ಬಣ್ಣದ ವೇಷದ ಆರ್ಭಟ ನಿರೀಕ್ಷಿಸಿ ಕೂತವರಿಗೆ ಆರಂಭದಲ್ಲಿ ಸಪ್ಪೆ ಅನ್ನಿಸಬಹುದು. ಸ್ವಲ್ಪ ಹೊತ್ತು ಕೊಡಿ, ಆ ತಣ್ಣನೆಯ ಅಹಂಕಾರ ಕೆಲಸ ಮಾಡುತ್ತದೆ.

ಇನ್ನು ಕೈ ಬಿಗಿ ಹಿಡಿದ ಜಾಗ. ಅದು ಅಯೋಧ್ಯಾಕಾಂಡ. ಮೂಲದಲ್ಲಿ 119 ಸರ್ಗಗಳಷ್ಟು ಹಬ್ಬಿರುವ ಭಾಗ ಇಲ್ಲಿ ಓಡುತ್ತ ಮುಗಿಯುತ್ತದೆ. ಕೈಕೇಯಿ ವರ ಕೇಳಿದ್ದು, ದಶರಥ ಕುಸಿದದ್ದು, ರಾಮ ಹೊರಟದ್ದು ಎಲ್ಲ ಇದೆ, ಆದರೆ ಕಥೆ ಗೊತ್ತಿರುವವರಿಗೆ ನೆನಪು ಮಾಡಿಕೊಟ್ಟ ಹಾಗೆ. ಮಾತಿನಲ್ಲೇ ನಡೆಯುವ ಕಾಂಡ ಅದು; ಮನೆಯೊಳಗೆ ನಾಲ್ಕು ಜನ ಕೂತು ಒಬ್ಬರನ್ನೊಬ್ಬರು ಸುಡುವ ಕಥೆ. ಮುಖ ಕದಲದೆ ಬಾಯಿ ಮಾತ್ರ ಆಡುವ ಉಳಿತಾಯದ ಪದ್ಧತಿ ಇಲ್ಲಿ ಪೆಟ್ಟು ಕೊಟ್ಟಿದೆ. ಕೈಕೇಯಿಯ ಮನಸ್ಸು ತಿರುಗುವ ಗಳಿಗೆಗೆ ಹತ್ತಾರು ಸೂಕ್ಷ್ಮ ಚಿತ್ರಗಳು ಬೇಕಿತ್ತು, ಸಿಕ್ಕಿಲ್ಲ. ಮಂಥರೆಯಂತೂ ಬರೀ ಕೇಡಿನ ಮುದುಕಿ. ‘ಶ್ರೀರಾಮಾಯಣ ದರ್ಶನಂ’ನಲ್ಲಿ ‘ಮಮತೆಯ ಸುಳಿ ಮಂಥರೆ’ ಓದಿ ಬೆಳೆದ ಕನ್ನಡಿಗರಿಗೆ ಇದು ತೀರಾ ಕಡಿಮೆಯಾಯಿತು ಅನ್ನಿಸದೆ ಇರದು. ಸೀತೆಗೂ ಅಪಹರಣಕ್ಕೆ ಮುಂಚೆ ಮಾತನಾಡಲು ಸಿಗುವ ಅವಕಾಶ ಅಷ್ಟಕ್ಕಷ್ಟೇ. ಉತ್ತರಕಾಂಡದ ತಂಟೆಗೆ ಸಿನಿಮಾ ಹೋಗುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆಯಾಗಿ ಅದು ಸರಿಯೇ.

96 ನಿಮಿಷದ ಪ್ರತಿ ಬೇಡ ಅಂದದ್ದು ಇದೇ ಕಾರಣಕ್ಕೆ. ಮೊದಲೇ ಒತ್ತಿ ತುಂಬಿದ ಕಥೆಯಿಂದ ಇನ್ನೂ 40 ನಿಮಿಷದ ಹತ್ತಿರ ತೆಗೆದರೆ ಏನು ಉಳಿದೀತು? ಅದಕ್ಕೆ ಜೇಮ್ಸ್ ಅರ್ಲ್ ಜೋನ್ಸ್ ಅವರ ನಿರೂಪಣೆ, ರಾಮನಿಗೆ ಬ್ರಯಾನ್ ಕ್ರಾನ್‌ಸ್ಟನ್ ಅವರ ಧ್ವನಿ ಇದೆ. ಕುತೂಹಲಕ್ಕೆ ಹತ್ತು ನಿಮಿಷ ಕೇಳಬಹುದು.

ಧ್ವನಿಯ ಆಯ್ಕೆಯಲ್ಲಿ ನಮ್ಮ ಮತ ಇಂಗ್ಲಿಷ್ ಮೂಲಕ್ಕೆ. ಕಾರಣ ಹಾಡುಗಳು. ಸಂಗೀತ ವನರಾಜ್ ಭಾಟಿಯಾ ಅವರದು. ಶ್ಯಾಮ್ ಬೆನಗಲ್ ಅವರ ಸಿನಿಮಾಗಳಿಂದ ಹೆಸರಾದವರು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು ಬಂದವರು. ಇಂಗ್ಲಿಷ್ ಪ್ರತಿಯಲ್ಲಿ ಸಂಭಾಷಣೆ ಇಂಗ್ಲಿಷಿನಲ್ಲಿದ್ದರೂ ಹಾಡುಗಳು ಸಂಸ್ಕೃತದಲ್ಲಿವೆ, ಅವು ಕನ್ನಡದ ಕಿವಿಗೆ ಎಲ್ಲೂ ಹೊರಗಿನದು ಅನ್ನಿಸುವುದಿಲ್ಲ. ಮಾತಾಡಿರುವವರು ಭಾರತೀಯರೇ ಆದ್ದರಿಂದ ದಶರಥ, ವಸಿಷ್ಠ ಮುಂತಾದ ಹೆಸರುಗಳು ಮುಗ್ಗರಿಸುವುದಿಲ್ಲ. ಹಳೆಯ ಹಿಂದಿ ಪ್ರತಿಗೆ ಅದರದೇ ಆದ ಅಭಿಮಾನಿಗಳಿದ್ದಾರೆ: ರಾಮನಿಗೆ ಟಿವಿ ರಾಮಾಯಣದ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ, ನಿರೂಪಣೆ ಶತ್ರುಘ್ನ ಸಿನ್ಹಾ. ಅಮರೀಶ್ ಪುರಿಯವರ ಗಂಟಲಿಗೆ ಸಾಟಿ ಇಲ್ಲ, ಒಪ್ಪೋಣ. ಆದರೆ 2025ರಲ್ಲಿ ಚಿತ್ರಮಂದಿರಕ್ಕೆ ಬಂದ ಹಿಂದಿ ಬೇರೆಯವರ ಧ್ವನಿಯಲ್ಲಿ ಹೊಸದಾಗಿ ಮಾಡಿದ್ದು. ಹಳೆಯ ನೆನಪಿನ ಆಸೆಯಿಂದ ಅದನ್ನು ಹಾಕಿಕೊಂಡರೆ ನಿರಾಸೆ ಖಂಡಿತ. ಯಾವ ಭಾಷೆಯಲ್ಲಿ ನೋಡಿದರೂ ತುಟಿ ಚಲನೆಯಲ್ಲಿ ಅಷ್ಟೇನೂ ಕಿರಿಕಿರಿ ಆಗುವುದಿಲ್ಲ. ಜಪಾನಿ ರೂಢಿಯಲ್ಲಿ ಬಾಯಿಗೆ ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು ಎಂಬ ಮೂರೇ ಚಿತ್ರ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಯಾವ ಭಾಷೆಯೂ ಒಗ್ಗುತ್ತದೆ.

ಒಗ್ಗುತ್ತದೆ ಎಂದ ಮೇಲೆ ಕನ್ನಡಕ್ಕೆ ಯಾಕಿಲ್ಲ? 2025ರ ಬಿಡುಗಡೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿಗೆ ನಿಂತುಹೋಯಿತು. ತೊಂಬತ್ತರ ದಶಕದ ಮಾತಾಗಿದ್ದರೆ ಡಬ್ಬಿಂಗ್‌ಗೆ ನಮ್ಮ ಚಿತ್ರೋದ್ಯಮದ ಅಡ್ಡಿ ಇತ್ತು ಅನ್ನಬಹುದಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆ ತಡೆಯ ವಿರುದ್ಧ ಆದೇಶ ಕೊಟ್ಟಾಗಿದೆ. ಈ ಸಿನಿಮಾ ಬಂದ ಆರು ತಿಂಗಳಿಗೆ, ಅದೇ 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂತು, ಜನ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರು. ಕಿಷ್ಕಿಂಧೆ ನಮ್ಮ ಹಂಪಿಯ ಸುತ್ತಮುತ್ತ, ಹನುಮ ಹುಟ್ಟಿದ್ದು ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂದು ನಂಬುವ ನಾಡಿನಲ್ಲಿ ಹನುಮ ಕನ್ನಡ ಮಾತಾಡದಿರುವುದು ಬೇಸರವೇ.

ಇಂಗ್ಲಿಷ್ ಬಾರದ ಮಕ್ಕಳಿಗೆ ತೋರಿಸುವುದಾದರೆ ಪಕ್ಕದಲ್ಲಿ ಕೂತು ಯಾರಾದರೂ ಕಥೆ ಹೇಳಬೇಕು. ಅಜ್ಜಿಯರಿಗೆ ಈ ಕೆಲಸ ಸಲೀಸು. ತಡೆದು ನಿಲ್ಲಿಸಿ ವಿವರಿಸಬೇಕಾದ ಜಾಗ ಅಯೋಧ್ಯೆಯ ಭಾಗವೇ: ಕೈಕೇಯಿಗೆ ಎರಡು ವರ ಹೇಗೆ ಬಾಕಿ ಇತ್ತು, ಭರತ ಆ ಹೊತ್ತಿಗೆ ಊರಲ್ಲಿ ಯಾಕಿರಲಿಲ್ಲ ಎಂಬುದನ್ನು ಮೊದಲೇ ಹೇಳಿಕೊಟ್ಟರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಲಂಕೆಗೆ ಹೋದ ಮೇಲೆ ವಿವರಣೆ ಬೇಕಿಲ್ಲ, ಚಿತ್ರವೇ ಮಾತಾಡುತ್ತದೆ. ಏಳೆಂಟು ವರ್ಷದ ಮೇಲಿನವರಿಗೆ ಧಾರಾಳವಾಗಿ ತೋರಿಸಬಹುದು. ಅದಕ್ಕಿಂತ ಚಿಕ್ಕವರು ತಾಟಕಿಯನ್ನು ಕಂಡು, ಆಮೇಲೆ ಕುಂಭಕರ್ಣನನ್ನು ಕಂಡು ಹೆದರುವ ಸಾಧ್ಯತೆ ಇದೆ. ಯುದ್ಧ ಉದ್ದವಾಗಿದೆ, ಸಾವುಗಳೂ ಇವೆ. ಒಂದೇ ಸಲಕ್ಕೆ 135 ನಿಮಿಷ ಕೂರಲಾಗದಿದ್ದರೆ ಹನುಮ ಲಂಕೆ ಸುಟ್ಟು ಹಿಂದಿರುಗುವಲ್ಲಿ ನಿಲ್ಲಿಸಿ, ಸೇತುವೆಯಿಂದ ಮಾರನೆಯ ದಿನ ಶುರು ಮಾಡಿ. ಸೇತುವೆಯ ಲೆಕ್ಕ ಮಕ್ಕಳಿಗೆ ಇಷ್ಟವಾಗುತ್ತದೆ: ವಾಲ್ಮೀಕಿ ಹೇಳುವಂತೆ ನಳನ ಮೇಲ್ವಿಚಾರಣೆಯಲ್ಲಿ ಮೊದಲ ದಿನ 14 ಯೋಜನ, ಆಮೇಲೆ 20, 21, 22, ಐದನೆಯ ದಿನ 23, ಒಟ್ಟು ನೂರು. ಕೂಡಿಸಲು ಹೇಳಿ ನೋಡಿ.

ಮನೆಯ ಟಿವಿಯಲ್ಲಿ ನೋಡುವವರು ಒಂದು ಕೆಲಸ ತಪ್ಪದೆ ಮಾಡಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿರುತ್ತದೆ, ಪಿಕ್ಚರ್ ವಿಭಾಗದಲ್ಲಿ ಮೋಷನ್ ಎಂಬ ಪದ ಹುಡುಕಿದರೆ ಸಿಗುತ್ತದೆ. ಟಿವಿ ಎರಡು ಫ್ರೇಮ್‌ಗಳ ನಡುವೆ ತಾನೇ ಒಂದು ಚಿತ್ರ ಕಲ್ಪಿಸಿ ತುರುಕುವ ಸೌಲಭ್ಯ ಅದು. ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಂತು ಆಮೇಲೆ ಜಿಗಿಯುವ ಸೆಲ್ ಅನಿಮೇಷನ್‌ನಲ್ಲಿ ಈ ಲೆಕ್ಕಾಚಾರ ಕೆಡುತ್ತದೆ: ಬಾಣದ ತುದಿಗೆ ಬಾಲ ಬರುತ್ತದೆ, ಓಡುವ ಕಪಿಯ ಅಂಚು ನೀರಿನಂತೆ ಅಲುಗುತ್ತದೆ, ಕುಂಭಕರ್ಣನ ಆ ಭಾರದ ಹೆಜ್ಜೆ ತೇಲಿದಂತೆ ಕಾಣುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಆಫ್ ಇರಲಿ, ಫಿಲ್ಮಿನಲ್ಲಿ ಸಹಜವಾಗಿ ಕಾಣುವ ಸಣ್ಣ ಕಣಗಳ (ಗ್ರೇನ್) ಜೊತೆಗೆ ಅದು ತೆಳುವಾದ ಗೆರೆಗಳನ್ನೂ ಒರೆಸಿಹಾಕುತ್ತದೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು, ಸಾಮಾನ್ಯವಾಗಿ ಇವೆರಡೂ ಒಟ್ಟಿಗೇ ತಗ್ಗುತ್ತವೆ.

4ಕೆ ಪ್ರತಿಯಲ್ಲಿ ಬಣ್ಣಗಳು ಬಿಚ್ಚಿಕೊಂಡಿವೆ. ಹಳೆಯ ವೀಡಿಯೊ ಕ್ಯಾಸೆಟ್‌ನಿಂದ ಇಳಿಸಿ ಅಂತರ್ಜಾಲದಲ್ಲಿ ಹಾಕಿದ ಪ್ರತಿಗಳಲ್ಲಿ ಕೆಂಪು ಬಣ್ಣ ಗೆರೆ ದಾಟಿ ಪಕ್ಕಕ್ಕೆ ಹರಡಿರುತ್ತದೆ, ವೇಗದ ಚಲನೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಏಳುತ್ತವೆ. ಲಂಕಾದಹನವನ್ನು ಅಂಥದ್ದರಲ್ಲಿ ನೋಡಿದರೆ ಬೆಂಕಿ ಯಾವುದು, ಗೋಡೆ ಯಾವುದು ಗೊತ್ತಾಗುವುದಿಲ್ಲ. ಹೊಸ ಪ್ರತಿಯಲ್ಲಿ ಜ್ವಾಲೆಯ ಹಳದಿ, ಕಿತ್ತಳೆ, ಕೆಂಪು ಪದರಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಷ್ಟು ಸ್ಪಷ್ಟವಾದ ಮೇಲೆ ಸೆಲ್ ಮೇಲೆ ಕೂತಿದ್ದ ಧೂಳಿನ ಕಣ, ಮೇಲಿನ ಹಾಳೆಯ ನೆರಳು ಕೆಳಗಿನದರ ಮೇಲೆ ಬಿದ್ದದ್ದು ಕೂಡ ಅಲ್ಲಲ್ಲಿ ಕಂಡರೆ ಅದು ಹೊಸ ಪ್ರತಿ ತಯಾರಿಸಿದ್ದರಲ್ಲಿನ ದೋಷವಲ್ಲ, ಕೈಯಿಂದ ಮಾಡಿದ ಕೆಲಸದ ಗುರುತು. ಸೇನೆ ಸಾಗುವ ಕಡೆಗಳಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕಪಿಯ ಮೇಲೆ ಕಣ್ಣಿಟ್ಟರೆ ಅದೇ ನಡಿಗೆ ಮತ್ತೆ ಮತ್ತೆ ಬರುವುದೂ ಸಿಕ್ಕಿಬೀಳುತ್ತದೆ. ಎಂಟೋ ಹನ್ನೆರಡೋ ಚಿತ್ರಗಳ ಒಂದು ಸುತ್ತನ್ನು ತಿರುಗಿಸುತ್ತ ಸೇನೆ ಕಟ್ಟುವುದು ಸೆಲ್ ಕಾಲದ ಮಾಮೂಲಿ ಉಪಾಯ. ಮೊದಲ ಸಲ ನೋಡುವಾಗ ಹಾಗೆ ಹುಡುಕಬೇಡಿ, ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.